ಮರ್ಜ್ ಆಯಿತು, ಪಿಪ್‌ನಲ್ಲಿ ಯಾವಾಗ ಬರುತ್ತದೆ?

ಓಪನ್ ಸೋರ್ಸ್ ಪ್ರಾಜೆಕ್ಟಿಗೆ ನೀವು ಕಳಿಸಿದ ತಿದ್ದುಪಡಿಯನ್ನು ಅದರ ಮೇಂಟೇನರ್ ಒಪ್ಪಿಕೊಂಡಾಗ ಗಿಟ್‌ಹಬ್‌ನಲ್ಲಿ ನೇರಳೆ ಬಣ್ಣದ ‘ಮರ್ಜ್ಡ್’ ಗುರುತು ಬೀಳುತ್ತದೆ. ಹುಲಜಂತಿ, ಅಕ್ಕಲಕೋಟೆ ಕಡೆಯಿಂದ ಸೊಲ್ಲಾಪುರಕ್ಕೆ ಹೋಗಿ ಇಂಜಿನಿಯರಿಂಗ್ ಓದುವ ನಮ್ಮ ಹುಡುಗ ಹುಡುಗಿಯರು ಅದರ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳಲಿ, ಅದು ದುಡಿದು ಪಡೆದದ್ದು. ಆದರೆ ಅದೇ ಸಂಜೆ, ಪೈಥಾನ್ ಪ್ಯಾಕೇಜುಗಳನ್ನು ಹಾಕಿಕೊಳ್ಳುವ ಪಿಪ್ ಇನ್‌ಸ್ಟಾಲ್ ಆಜ್ಞೆ ಕೊಟ್ಟರೆ ಇಳಿದು ಬರುವುದು ಹಳೆಯ ಕೋಡೇ. ಹೊಲ ಕೊಂಡವರಿಗೆ ಈ ಅನುಭವ ಹೊಸದಲ್ಲ. ತಾಲೂಕಿನ ನೋಂದಣಿ ಕಚೇರಿಯಲ್ಲಿ ಖರೀದಿ ಪತ್ರವಾದರೂ, ತಲಾಠಿ ಕಡೆ ಫೇರಫಾರ್, ಅಂದರೆ ಹೆಸರಿನ ಬದಲಾವಣೆ, ಆಗುವ ತನಕ ಸಾತಬಾರಾ ಉತಾರದಲ್ಲಿ ಹಳೆಯ ಮಾಲೀಕನ ಹೆಸರೇ ನಿಂತಿರುತ್ತದೆ. ಮರ್ಜ್ ಖರೀದಿ ಪತ್ರವಿದ್ದಂತೆ. ಪ್ಯಾಕೇಜುಗಳ ರಿಜಿಸ್ಟ್ರಿಯಲ್ಲಿ ಪ್ರಕಟವಾಗುವುದು ಉತಾರ ಕೈಗೆ ಬಂದಂತೆ. ಇವೆರಡರ ನಡುವೆ ಯಾರ ಕೈಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಯಾರೂ ಹೇಳಿಕೊಡದೆ ಇರುವುದರಿಂದಲೇ ಎಷ್ಟೋ ಹೊಸಬರು ಮೊದಲ ಪ್ರಯತ್ನಕ್ಕೇ ಬೇಸತ್ತು ಬಿಡುತ್ತಾರೆ.

ಕನ್ನಡದ್ದೇ ಒಂದು ಉದಾಹರಣೆ ಹಿಡಿದು ಹೋಗೋಣ. ನಮ್‌ಟುವರ್ಡ್ಸ್ ಎಂಬ ಪೈಥಾನ್ ಲೈಬ್ರರಿಯ ಕೆಲಸ ಒಂದೇ: ಅಂಕಿ ಕೊಟ್ಟರೆ ಅಕ್ಷರದಲ್ಲಿ ಬರೆದು ಕೊಡುವುದು. ಟಾರೋ ಒಗಾವ ಎಂಬವರು ಆರಂಭಿಸಿದ ಕೋಡು ಇದರ ಮೂಲ. ಆಮೇಲೆ ಇದನ್ನು ನೋಡಿಕೊಂಡು ಬಂದದ್ದು ಕೆನಡಾದ ಮಾಂಟ್ರಿಯಲ್‌ನ ಸವ್ವಾರ್ ಫೇರ್ ಲಿನಕ್ಸ್ ಎಂಬ ಕಂಪನಿ. ಪ್ರತಿ ಭಾಷೆಗೂ ಒಂದು ಬೇರೆ ಕಡತ. ಕನ್ನಡಕ್ಕೂ ಉಂಟು, ‘ಕೆಎನ್’ ಎಂಬ ಭಾಷಾ ಸಂಕೇತದಲ್ಲಿ. ಇದೇನು ಆಟಿಕೆಯಲ್ಲ. ಮುಂಬೈಯಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್‌ನ ತಳಹದಿಯಾದ ಫ್ರಾಪೆ ಬಿಲ್ಲಿನ ಮೊತ್ತವನ್ನು ಅಕ್ಷರಕ್ಕೆ ಇಳಿಸಲು ಇದನ್ನೇ ಕರೆಯುತ್ತದೆ. ಓಡೂ ಎಂಬ ಲೆಕ್ಕಪತ್ರದ ತಂತ್ರಾಂಶವೂ ಇದನ್ನು ಬಳಸುತ್ತದೆ. ಇಲ್ಲಿ ಒಂದು ಸಾಲು ತಿದ್ದಿದರೆ ಅದು ತಲುಪುವ ಬಿಲ್ಲುಗಳನ್ನು ಎಣಿಸಲಾಗದು.

ಗಡಿಯ ಈಚೆಗೆ, ಮಹಾರಾಷ್ಟ್ರದಲ್ಲಿರುವ ನಮ್ಮಂಥವರು ಇಂಥ ಕಡತಕ್ಕೆ ಏನು ಕೊಡಬಲ್ಲೆವು? ಬಹಳ ಕೊಡಬಲ್ಲೆವು. ಕನ್ನಡದ ಸಂಖ್ಯೆಗಳು ಪದಗಳನ್ನು ಸಾಲಾಗಿ ಜೋಡಿಸಿಟ್ಟರೆ ಆಗುವಂಥವಲ್ಲ. ನೂರು ಎಂಬುದು ಮುಂದೆ ಇನ್ನೊಂದು ಅಂಕಿ ಬಂದಾಗ ‘ನೂರ’ ಆಗುತ್ತದೆ, ಸಾವಿರ ‘ಸಾವಿರದ’ ಆಗುತ್ತದೆ, ಲಕ್ಷ ‘ಲಕ್ಷದ’, ಕೋಟಿ ‘ಕೋಟಿಯ’. 200, 300, 500 ಇವು ಇನ್ನೂರು, ಮುನ್ನೂರು, ಐನೂರು. ಎರಡು, ಮೂರು, ಐದರ ಜತೆ ನೂರನ್ನು ಅಂಟಿಸಿದರೆ ಬರುವ ರೂಪಗಳಲ್ಲ. 400ಕ್ಕೆ ನಾನೂರು, ನಾಲ್ಕುನೂರು ಎರಡೂ ಚಲಾವಣೆಯಲ್ಲಿವೆ. 900ಕ್ಕೂ ಹಾಗೇ ಒಂಬೈನೂರು, ಒಂಬತ್ತುನೂರು. 21 ಬಂದಾಗ ಇಪ್ಪತ್ತು ಮತ್ತು ಒಂದು ಸಂಧಿಯಾಗಿ ಇಪ್ಪತ್ತೊಂದು. ಇಂಗ್ಲಿಷಿನ ಲೆಕ್ಕದಲ್ಲಿ ಬರೆದ ಕೋಡು ಮೂರು ಮೂರು ಸೊನ್ನೆಗೆ ಹೆಸರು ಬದಲಿಸುತ್ತದೆ; ನಮ್ಮಲ್ಲಿ ಸಾವಿರ ದಾಟಿದ ಮೇಲೆ ಎರಡೆರಡು ಸೊನ್ನೆಗೆ. ಕೋಡು ಗೊತ್ತಿದ್ದು ಕನ್ನಡ ಗೊತ್ತಿಲ್ಲದವರು ಇವುಗಳಲ್ಲಿ ಒಂದಲ್ಲ ಒಂದು ಕಡೆ ಎಡವುತ್ತಾರೆ. ಎರಡೂ ಗೊತ್ತಿರುವವರು ಕಡಿಮೆ. ಆ ಕಡಿಮೆಯವರಲ್ಲಿ ನೀವು ಒಬ್ಬರು.

ಒಂದು ಎಚ್ಚರಿಕೆ ಮಾತ್ರ ಬೇಕು. ದೀಪಾವಳಿಗೆ ಮಹಾಲಿಂಗರಾಯನ ಜಾತ್ರೆಗೆ ಎರಡೂ ರಾಜ್ಯಗಳ ಜನ ಹುಲಜಂತಿಯಲ್ಲಿ ಸೇರಿದಾಗ ಅಂಗಡಿ ಸಾಲಿನಲ್ಲಿ ಕೇಳುವ ಲೆಕ್ಕವೇ ಬೇರೆ. 150ಕ್ಕೆ ದೀಡನೂರು ಎನ್ನುತ್ತೇವೆ, 400ಕ್ಕೆ ನಾಕನೂರು. ಅದು ನಮ್ಮ ಜೀವಂತ ಕನ್ನಡ, ಅದರ ಬಗ್ಗೆ ನನಗೆ ಅಪಾರ ಪ್ರೀತಿ ಇದೆ. ಆದರೆ ‘ಕೆಎನ್’ ಕಡತವನ್ನು ಬಳಸುವವರು ಬೀದರಿನಿಂದ ಕಾಸರಗೋಡಿನ ತನಕ ಇದ್ದಾರೆ, ಚೆಕ್ಕಿನ ಮೇಲೆ ಬರೆಯುವ ರೂಪವೇ ಅಲ್ಲಿ ಬೇಕಾದದ್ದು. ಬರವಣಿಗೆಯ ರೂಪವನ್ನು ಮೊದಲು ಸರಿಪಡಿಸಿ. ಆಡುರೂಪ ಸೇರಿಸುವ ಆಸೆ ಇದ್ದರೆ ಅದನ್ನು ಬೇರೆಯೇ ಪ್ರಸ್ತಾವವಾಗಿ, ಬೇಕೆಂದವರು ಆರಿಸಿಕೊಳ್ಳುವ ಆಯ್ಕೆಯಾಗಿ ಮುಂದಿಡಿ. ಎರಡನ್ನೂ ಒಂದೇ ಪುಲ್ ರಿಕ್ವೆಸ್ಟ್‌ನಲ್ಲಿ, ಅಂದರೆ ತಿದ್ದುಪಡಿ ಒಪ್ಪಿಕೊಳ್ಳಿ ಎಂಬ ಒಂದೇ ಕೋರಿಕೆಯಲ್ಲಿ, ತುರುಕಿದರೆ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ.

ಈಗ ಕೆಲಸಕ್ಕೆ ಬರೋಣ. ಕೋಡು ಮುಟ್ಟುವ ಮೊದಲು ಮಾಡಬೇಕಾದದ್ದು ಓದುವುದು. ಪ್ರಾಜೆಕ್ಟಿನ ರೀಡ್‌ಮಿ ಕಡತ, ಕೊಡುಗೆದಾರರಿಗೆ ಬರೆದ ಸೂಚನೆ ಇದ್ದರೆ ಅದು, ಲೈಸೆನ್ಸ್, ಹಾಗೂ ಅದೇ ತೊಂದರೆಯನ್ನು ಬೇರೆಯವರು ಮೊದಲೇ ಎತ್ತಿದ್ದಾರೆಯೇ ಎಂದು ಇಶ್ಯೂಗಳ ಪಟ್ಟಿ. ನಮ್‌ಟುವರ್ಡ್ಸ್ ಇರುವುದು ಎಲ್‌ಜಿಪಿಎಲ್ ಪರವಾನಗಿಯಲ್ಲಿ. ನೀವು ಬರೆದು ಕೊಟ್ಟದ್ದೂ ಅದರಡಿಯೇ ಹಂಚಿಕೆಯಾಗುತ್ತದೆ. ಕೆಲವು ಪ್ರಾಜೆಕ್ಟುಗಳು ಪ್ರತಿ ಕಮಿಟ್ ಕೆಳಗೆ ನಿಮ್ಮ ಹೆಸರು, ಇಮೇಲ್ ಇರುವ ಸಹಿ ಸಾಲು ಕೇಳುತ್ತವೆ. ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂದು ನೀವು ಕೊಡುವ ಮಾತು ಅದು. ಲಿನಕ್ಸ್ ಕರ್ನಲ್‌ನಲ್ಲಿ 2004ರಲ್ಲಿ ಈ ಪದ್ಧತಿ ಶುರುವಾಯಿತು. ಹಾಗಾಗಿ ಇನ್ನೊಬ್ಬರ ನಿಘಂಟನ್ನೋ ಪಠ್ಯಪುಸ್ತಕವನ್ನೋ ಪುಟಗಟ್ಟಲೆ ನಕಲಿಸಿ ತರಬೇಡಿ. ಒಂದು ಸಂಖ್ಯೆಯ ಕಾಗುಣಿತ ಯಾವುದು ಸರಿ ಎಂದು ತೋರಿಸಲು ಪುಸ್ತಕದ ಹೆಸರು, ಪುಟ ಸಂಖ್ಯೆ ಹೇಳಿದರೆ ಸಾಕು.

ಆಮೇಲೆ ಇಶ್ಯೂ ತೆರೆದು ನಾಲ್ಕೇ ಸಾಲು ಬರೆಯಿರಿ: ಯಾವ ಆವೃತ್ತಿ, ಯಾವ ಅಂಕಿ ಕೊಟ್ಟಿರಿ, ಏನು ಬಂತು, ಏನು ಬರಬೇಕಿತ್ತು. ಉತ್ತರಕ್ಕಾಗಿ ತಿಂಗಳು ಕಾಯಬೇಕಾಗಿಲ್ಲ. ಸಣ್ಣ ತಿದ್ದುಪಡಿಯಾದರೆ ಜತೆಗೇ ಕೋಡು ಕಳಿಸಬಹುದು. ಪ್ರಾಜೆಕ್ಟನ್ನು ನಿಮ್ಮ ಖಾತೆಗೆ ಫೋರ್ಕ್ ಮಾಡಿ, ನಿಮ್ಮ ಲ್ಯಾಪ್‌ಟಾಪಿಗೆ ಕ್ಲೋನ್ ಮಾಡಿಕೊಂಡು, ಈ ಒಂದು ಕೆಲಸಕ್ಕೆಂದೇ ಹೊಸ ಬ್ರಾಂಚ್ ತೆಗೆಯಿರಿ. ಏನನ್ನೂ ಬದಲಿಸುವ ಮೊದಲು ಇರುವ ಟೆಸ್ಟುಗಳನ್ನೆಲ್ಲ ಒಮ್ಮೆ ಓಡಿಸಿ ನೋಡಿ. ಮೊದಲೇ ಏನಾದರೂ ಕೆಂಪಾಗಿದ್ದರೆ ಅದು ನಿಮ್ಮಿಂದಾದದ್ದಲ್ಲ ಎಂಬುದಕ್ಕೆ ಆಧಾರ ಇರಬೇಕು.

ಕನ್ನಡದ ಕಡತ ತಿದ್ದುವವರಿಗೆ ಎದುರಾಗುವ ಒಂದು ತೊಡಕಿದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಕೋಟಿ’ ಎಂಬ ಪದದ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು. ಒಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಎರಡಾಗಿ ಇಡಬಹುದು. ಎಕಾರ, ಊಕಾರ, ದೀರ್ಘ ಎಂದು ಮೂರಾಗಿಯೂ ಇಡಬಹುದು. ಪರದೆಯ ಮೇಲೆ ಮೂರೂ ಒಂದೇ. ಯೂನಿಕೋಡ್ ನಿಯಮದ ಪ್ರಕಾರವೂ ಮೂರೂ ಸಮಾನ. ಆದರೆ ಪೈಥಾನಿನಲ್ಲಿ ಎರಡು ಪಠ್ಯಗಳನ್ನು ಹೋಲಿಸಿದಾಗ ಅದು ಸಂಕೇತಗಳನ್ನು ನೋಡುತ್ತದೆ, ಅಕ್ಷರದ ರೂಪವನ್ನಲ್ಲ. ಟೆಸ್ಟ್ ಬಿದ್ದುಹೋಗುತ್ತದೆ, ಬರಬೇಕಾದದ್ದು ‘ಕೋಟಿ’, ಬಂದದ್ದು ‘ಕೋಟಿ’ ಎಂಬ ದೂರು ಮುಂದೆ ಬಂದು ನಿಂತರೆ ಏನು ತಪ್ಪೆಂದೇ ತಿಳಿಯುವುದಿಲ್ಲ. ಈ, ಏ, ಐ, ಒ, ಓ ಈ ಐದೂ ಸ್ವರಚಿಹ್ನೆಗಳಿಗೆ ಇದೇ ಗುಣ. ಬರೆದದ್ದನ್ನೆಲ್ಲ ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಿಂದ ಎನ್‌ಎಫ್‌ಸಿ ಎಂಬ ಒಗ್ಗೂಡಿಸಿದ ರೂಪಕ್ಕೆ ತಂದು ಆಮೇಲೆ ಕಮಿಟ್ ಮಾಡುವುದು ಇದಕ್ಕೆ ಪರಿಹಾರ. ಕಣ್ಣಿಗೆ ಕಾಣದ ಜೋಡಕಗಳು, ಅಂದರೆ ಅಕ್ಷರಗಳನ್ನು ಕೂಡಿಸಲು ಅಥವಾ ಬಿಡಿಸಲು ಕೀಲಿಮಣೆ ಹಾಕುವ ಶೂನ್ಯ ಅಗಲದ ಗುರುತುಗಳು, ವಾಟ್ಸ್ಯಾಪಿನಿಂದ ನಕಲಿಸಿದ ಪದಗಳ ಜತೆ ಬಂದುಬಿಡುತ್ತವೆ. ಅನುಮಾನ ಬಂದರೆ ಪದದ ಉದ್ದವನ್ನು ಎಣಿಸಿ ನೋಡಿದರೆ ಗೊತ್ತಾಗುತ್ತದೆ.

ಇನ್ನು ಟೆಸ್ಟ್. ನನ್ನ ಅಭಿಪ್ರಾಯದಲ್ಲಿ ತಿದ್ದುಪಡಿಗಿಂತ ಇದೇ ಮುಖ್ಯ. ನಿಮ್ಮ ಪುಲ್ ರಿಕ್ವೆಸ್ಟ್ ನೋಡುವ ಮೇಂಟೇನರ್‌ಗೆ ಕನ್ನಡ ಬರುವುದಿಲ್ಲ. ನೀವು ಬರೆದ ಸಾಲು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಅವರಿಗೆ ಇರುವ ದಾರಿಗಳು ಮೂರು: ನೀವು ಕೊಟ್ಟ ಟೆಸ್ಟುಗಳು, ನೀವು ತೋರಿಸಿದ ಆಧಾರ, ಇನ್ನೊಬ್ಬ ಕನ್ನಡಿಗರ ಸಾಕ್ಷಿ. ಟೆಸ್ಟಿಗೆ ಸಂಖ್ಯೆಗಳನ್ನು ಆರಿಸುವಾಗ ರೂಪ ಬದಲಾಗುವ ಅಂಚುಗಳನ್ನು ಹಿಡಿಯಿರಿ: 20 ಮತ್ತು 21, 100 ಮತ್ತು 101, 999, 1000, 1001, 99,999, 1,00,000, 1,00,001, ಒಂದು ಕೋಟಿ, ಅದರ ಮೇಲೊಂದು. ಸೊನ್ನೆ, ಋಣ ಸಂಖ್ಯೆ, ದಶಾಂಶ ಮರೆಯಬೇಡಿ. ಆಧಾರಕ್ಕೆ ನಮ್ಮಲ್ಲಿ ಒಳ್ಳೆಯ ಅನುಕೂಲವಿದೆ. ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮದ ಗಣಿತ ಪುಸ್ತಕಗಳನ್ನು ತರುತ್ತದೆ, ಕರ್ನಾಟಕದ್ದು ಬೇರೆ ಇದೆ. ಎರಡು ರಾಜ್ಯಗಳ ಪಠ್ಯದಲ್ಲೂ ಒಂದೇ ರೂಪ ಇದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಅಕ್ಕಲಕೋಟೆಯಲ್ಲಿ, ಜತ್ತಿನಲ್ಲಿ, ದಕ್ಷಿಣ ಸೊಲ್ಲಾಪುರದಲ್ಲಿ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವ ಗುರುಗಳಿದ್ದಾರೆ. ‘ಸರ, ಇದೊಂದು ಪಟ್ಟಿ ನೋಡಿ ಕೊಡ್ರಿ’ ಎಂದರೆ ಯಾರೂ ಇಲ್ಲ ಎನ್ನಲಾರರು. ಗಿಟ್‌ಹಬ್ ಖಾತೆ ಇರುವ ಕನ್ನಡದ ಗೆಳೆಯರೊಬ್ಬರು ನಿಮ್ಮ ಪುಲ್ ರಿಕ್ವೆಸ್ಟಿಗೆ ‘ನಾನು ಕನ್ನಡಿಗ, ಓದಿ ನೋಡಿದೆ, ಈ ಮೂರು ಕಡೆ ಹೀಗೆ ಇರಬೇಕು’ ಎಂದು ನಿಜವಾಗಿ ಪರಿಶೀಲಿಸಿ ಬರೆದರೆ ಮೇಂಟೇನರ್‌ನ ಅರ್ಧ ಹೊರೆ ಇಳಿಯುತ್ತದೆ.

ಪುಲ್ ರಿಕ್ವೆಸ್ಟ್ ತೆರೆದ ಕೂಡಲೇ ಯಂತ್ರದ ತಪಾಸಣೆ ಶುರುವಾಗಬೇಕು. ಹೊಸಬರ ವಿಷಯದಲ್ಲಿ ಅದು ಶುರುವಾಗದೆ ನಿಂತಿರುವುದುಂಟು. ಗಿಟ್‌ಹಬ್‌ನ ಯಂತ್ರಗಳನ್ನು ಕ್ರಿಪ್ಟೋ ನಾಣ್ಯ ಗಣಿಗಾರಿಕೆಗೆ ದುರುಪಯೋಗ ಮಾಡಿದವರಿದ್ದುದರಿಂದ, ಮೊದಲ ಸಲ ಬಂದವರ ತಪಾಸಣೆ ಓಡಲು ಮೇಂಟೇನರ್ ಒಪ್ಪಿಗೆ ಒತ್ತಬೇಕೆಂಬ ನಿಯಮ 2021ರಲ್ಲಿ ಬಂತು. ಗಾಬರಿ ಬೇಡ. ತಪಾಸಣೆ ಕೆಂಪಾದರೆ ದಾಖಲೆಯನ್ನು ಕೆಳತನಕ ಓದಿ. ಬಹಳ ಸಲ ದೋಷ ಇರುವುದು ಸಾಲಿನ ಉದ್ದ, ಖಾಲಿ ಜಾಗ, ಆಮದು ಸಾಲುಗಳ ಕ್ರಮ ಇಂಥದರಲ್ಲಿ. ಅದೇ ಬ್ರಾಂಚಿಗೆ ಇನ್ನೊಂದು ಕಮಿಟ್ ತಳ್ಳಿದರೆ ಪುಲ್ ರಿಕ್ವೆಸ್ಟ್ ತಾನೇ ಹೊಸದಾಗುತ್ತದೆ, ಮುಚ್ಚಿ ಮತ್ತೊಂದು ತೆರೆಯುವ ಅಗತ್ಯವಿಲ್ಲ.

ಕಾಯುವುದು ಕಷ್ಟದ ಭಾಗ. ಮೇಂಟೇನರ್‌ಗಳಲ್ಲಿ ಬಹುಪಾಲು ಜನ ಸಂಬಳವಿಲ್ಲದೆ, ಕೆಲಸ ಮುಗಿಸಿ ಬಂದು ರಾತ್ರಿ ಕೂತು ನೋಡುವವರು. ಅವರ ಮುಂದೆ ಇರುವ ರಾಶಿ ಹೇಗಿರುತ್ತದೆ ಎಂಬುದನ್ನು 2020ರ ಅಕ್ಟೋಬರ್ ತೋರಿಸಿತು. ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಹಬ್ಬದಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಎಂದಾಗ, ರೀಡ್‌ಮಿಯಲ್ಲಿ ಒಂದು ಪದ ಸೇರಿಸಿದ, ಹೆಸರು ಬರೆದುಹೋದ ಕಸದ ರಿಕ್ವೆಸ್ಟುಗಳು ಪ್ರಾಜೆಕ್ಟುಗಳ ಮೇಲೆ ಸುರಿದವು. ಅದರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳ ಪಾಲೂ ಇತ್ತು. ಹಬ್ಬ ಶುರುವಾದ ಕೆಲವೇ ದಿನಕ್ಕೆ, ತಾವಾಗಿ ಒಪ್ಪಿದ ಪ್ರಾಜೆಕ್ಟುಗಳು ಮಾತ್ರ ಸೇರುವಂತೆ ನಿಯಮ ಬದಲಿಸಬೇಕಾಯಿತು. ಭಾರತದ ಹೊಸ ಹೆಸರೊಂದು ಕಂಡಾಗ ಮೇಂಟೇನರ್ ಒಂದು ಗಳಿಗೆ ಅನುಮಾನಿಸುವಂತಾದದ್ದು ನನಗೆ ನೋವಿನ ವಿಷಯ. ಅದನ್ನು ಅಳಿಸುವುದು ನಿಮ್ಮ ಕೈಯಲ್ಲಿದೆ: ಚಿಕ್ಕ, ಪೂರ್ತಿಯಾದ, ಟೆಸ್ಟ್ ಇರುವ ತಿದ್ದುಪಡಿ ಕಳಿಸಿ, ಎರಡು ಮೂರು ವಾರ ಸುಮ್ಮನಿದ್ದರೆ ಒಮ್ಮೆ ವಿನಯದಿಂದ ನೆನಪಿಸಿ, ಮುಖ್ಯ ಬ್ರಾಂಚ್ ಮುಂದೆ ಹೋಗಿದ್ದರೆ ನಿಮ್ಮದನ್ನು ಅದಕ್ಕೆ ಹೊಂದಿಸಿ ಇಡಿ.

ಮರ್ಜ್ ಆಯಿತೆನ್ನಿ. ಈಗ ನಿಮ್ಮ ಸಾಲು ಮುಖ್ಯ ಬ್ರಾಂಚಿನಲ್ಲಿದೆ, ಅಷ್ಟೇ. ಪಿಪ್ ಹುಡುಕುವುದು ಗಿಟ್‌ಹಬ್‌ನಲ್ಲಲ್ಲ, ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಮೇಂಟೇನರ್ ಆವೃತ್ತಿಯ ಅಂಕಿ ಏರಿಸಬೇಕು, ಬದಲಾವಣೆಗಳ ಪಟ್ಟಿ ಬರೆಯಬೇಕು, ಆ ಕಮಿಟಿಗೆ ಟ್ಯಾಗ್ ಹಾಕಬೇಕು, ಮೂಲ ಕೋಡಿನ ಒಂದು ಗಂಟು ಮತ್ತು ನೇರ ಅನುಸ್ಥಾಪನೆಗೆ ವೀಲ್ ಎಂಬ ಇನ್ನೊಂದು ಗಂಟು ಕಟ್ಟಬೇಕು, ಎರಡನ್ನೂ ಏರಿಸಬೇಕು. ಒಂದು ಸಾಲಿಗಾಗಿ ಇಷ್ಟೆಲ್ಲ ಯಾರೂ ಮಾಡುವುದಿಲ್ಲ. ಹತ್ತಾರು ತಿದ್ದುಪಡಿಗಳು ಕೂಡಿದ ಮೇಲೆ ಒಂದು ರಿಲೀಸ್. ಪೈಪಿಐಯಲ್ಲಿ ಒಮ್ಮೆ ಏರಿಸಿದ ಕಡತವನ್ನು ಅದೇ ಹೆಸರಿನಲ್ಲಿ ಮತ್ತೆ ಏರಿಸಲು ಬರುವುದಿಲ್ಲ, ಅಳಿಸಿದರೂ ಆ ಹೆಸರು ಮರಳಿ ಸಿಗುವುದಿಲ್ಲ. ತಪ್ಪಾದರೆ ಆ ಆವೃತ್ತಿಯನ್ನು ‘ಯಾಂಕ್’ ಮಾಡಿ, ಅಂದರೆ ಪಿಪ್ ತಾನಾಗಿ ಆರಿಸದಂತೆ ಗುರುತು ಹಾಕಿ, ಹೊಸ ಅಂಕಿಯಲ್ಲಿ ಇನ್ನೊಂದು ಕೊಡಬೇಕು. ಮೇಂಟೇನರ್ ಅವಸರ ಮಾಡದಿರಲು ಇದೂ ಒಂದು ಕಾರಣ. ಅಷ್ಟರಲ್ಲಿ ನಿಮಗೆ ತುರ್ತಾಗಿ ಬೇಕಿದ್ದರೆ, ರೆಪೊದ (ಕೋಡು ಇರುವ ಗಿಟ್ ಭಂಡಾರದ) ವಿಳಾಸವನ್ನೂ ಕಮಿಟ್ ಗುರುತನ್ನೂ ಪಿಪ್‌ಗೆ ಕೊಟ್ಟು ನೇರ ಗಿಟ್‌ನಿಂದಲೇ ಹಾಕಿಕೊಳ್ಳಬಹುದು.

ಪ್ರಕಟಿಸುವ ಕೀಲಿ ಒಬ್ಬಿಬ್ಬರ ಬಳಿ ಮಾತ್ರ ಏಕೆ ಇರುತ್ತದೆ ಎಂದು ಕೇಳುವವರಿಗೆ ಇದೇ ನಮ್‌ಟುವರ್ಡ್ಸ್‌ನ ಕಥೆ ಹೇಳಬೇಕು. 2025ರ ಜುಲೈಯಲ್ಲಿ ಪೈಪಿಐಯ ಹೆಸರಿನಲ್ಲಿ ಮೇಂಟೇನರ್‌ಗಳಿಗೆ ವಂಚನೆಯ ಇಮೇಲ್‌ಗಳು ಹೋದವು. ಅದರಲ್ಲಿದ್ದ ಕೊಂಡಿ ಒಂದೇ ಅಕ್ಷರ ಬೇರೆಯಾದ ನಕಲಿ ತಾಣದ್ದು. ಅಲ್ಲಿ ಸಿಕ್ಕ ಲಾಗಿನ್ ವಿವರಗಳಿಂದ ವಂಚಕರು ಒಳಹೊಕ್ಕು ನಮ್‌ಟುವರ್ಡ್ಸ್ ಹೆಸರಿನಲ್ಲಿ 0.5.15, 0.5.16 ಎಂಬ ಎರಡು ಹಾನಿಕಾರಕ ಆವೃತ್ತಿಗಳನ್ನು ಏರಿಸಿದರು. ಗಿಟ್‌ಹಬ್‌ನಲ್ಲಿ ಆ ಅಂಕಿಗೆ ಹೊಂದುವ ಟ್ಯಾಗ್ ಇಲ್ಲ ಎಂಬುದೇ ನೋಡುವವರ ಕಣ್ಣಿಗೆ ಬಿದ್ದ ಸುಳಿವು. ಪೈಪಿಐ ಅವನ್ನು ಬೇಗ ತೆಗೆದುಹಾಕಿತು. ಕೋಡು ಮರ್ಜ್ ಆಗುವ ಬಾಗಿಲಲ್ಲಿ ಎಷ್ಟೇ ಪರಿಶೀಲನೆ ಇರಲಿ, ಪ್ರಕಟಣೆಯ ಬಾಗಿಲು ಬೇರೆಯೇ ಇದ್ದು ಅದರ ಕೀಲಿ ಕಳೆದರೆ ಎಲ್ಲವೂ ವ್ಯರ್ಥ. 2024ರ ಮಾರ್ಚಿನಲ್ಲಿ ಬಯಲಾದ, ಕಡತ ಕುಗ್ಗಿಸುವ ಎಕ್ಸ್‌ಝೆಡ್ ಎಂಬ ತಂತ್ರಾಂಶದ ಪ್ರಕರಣದಲ್ಲೂ, ವರ್ಷಗಟ್ಟಲೆ ವಿಶ್ವಾಸ ಗಳಿಸಿದ ಒಬ್ಬ ಸಹಮೇಂಟೇನರ್ ರಿಲೀಸ್ ಗಂಟಿನೊಳಗೆ ರೆಪೊದಲ್ಲಿ ಇರದ ಸಾಲುಗಳನ್ನು ಸೇರಿಸಿದ್ದ.

ಇಂಥ ಅಪಾಯಗಳನ್ನು ತಡೆಯಲೆಂದೇ ಪೈಪಿಐ 2024ರ ಜನವರಿ 1ರಿಂದ ಎಲ್ಲ ಖಾತೆಗಳಿಗೆ ಎರಡು ಹಂತದ ಗುರುತು ಕಡ್ಡಾಯ ಮಾಡಿತ್ತು. ಆದರೆ ಮೊಬೈಲಿನ ಆರಂಕಿ ಸಂಖ್ಯೆಯನ್ನು ನಕಲಿ ತಾಣವೂ ಕೇಳಿ ಪಡೆಯಬಲ್ಲದು. ತಾಣದ ವಿಳಾಸ ಸರಿಯಿದ್ದರೆ ಮಾತ್ರ ತೆರೆಯುವ ಪಾಸ್‌ಕೀ ಅಥವಾ ಯುಎಸ್‌ಬಿ ಭದ್ರತಾ ಕೀಲಿ ಇನ್ನೂ ಗಟ್ಟಿ. 2023ರಲ್ಲಿ ಬಂದ ‘ಟ್ರಸ್ಟೆಡ್ ಪಬ್ಲಿಷಿಂಗ್’ ಇನ್ನೊಂದು ಹೆಜ್ಜೆ ಮುಂದೆ. ಅದರಲ್ಲಿ ದೀರ್ಘಕಾಲದ ಟೋಕನ್ ಇಟ್ಟುಕೊಳ್ಳುವುದೇ ಇಲ್ಲ. ಇಂಥ ರೆಪೊದ ಇಂಥ ವರ್ಕ್‌ಫ್ಲೋದಿಂದ ಬಂದರೆ ಒಪ್ಪಿಕೋ ಎಂದು ಪೈಪಿಐಗೆ ಮೊದಲೇ ಹೇಳಿರುತ್ತಾರೆ, ಪ್ರತಿ ಸಲವೂ ಕೆಲವು ನಿಮಿಷ ಬಾಳುವ ಕೀಲಿ ಹುಟ್ಟಿ ಸಾಯುತ್ತದೆ. ನೀವೇ ಸ್ವಂತ ಪ್ಯಾಕೇಜ್ ಪ್ರಕಟಿಸುವ ದಿನ ಬಂದರೆ ಈ ದಾರಿಯನ್ನೇ ಹಿಡಿಯಿರಿ.

ಆ ದಿನ ಬರಬಹುದು. ಮೂಲ ಪ್ರಾಜೆಕ್ಟ್ ವರ್ಷಗಳಿಂದ ಯಾರೂ ನೋಡದೆ ಬಿದ್ದಿದ್ದರೆ, ಅಥವಾ ನಿಮಗೆ ಬೇಕಾದದ್ದು ಅದರ ವ್ಯಾಪ್ತಿಗೇ ಬರದಿದ್ದರೆ, ಉದಾಹರಣೆಗೆ ಗಡಿ ಕನ್ನಡದ ಆಡು ಸಂಖ್ಯೆಗಳು, ಬೇರೆ ಪ್ಯಾಕೇಜ್ ಮಾಡುವುದು ನ್ಯಾಯ. ಹೆಸರು ಖಾಲಿ ಇದೆಯೇ ನೋಡಿ, ಟೆಸ್ಟ್‌ಪೈಪಿಐ ಎಂಬ ಅಭ್ಯಾಸದ ಭಂಡಾರಕ್ಕೆ ಮೊದಲು ಏರಿಸಿ, ಅಲ್ಲಿಂದ ಖಾಲಿ ಪರಿಸರವೊಂದಕ್ಕೆ ಇಳಿಸಿ ಓಡಿಸಿ ನೋಡಿ, ಆಮೇಲೆ ನಿಜವಾದದ್ದಕ್ಕೆ. ಜಾವಾಸ್ಕ್ರಿಪ್ಟಿನ ಎನ್‌ಪಿಎಂನಲ್ಲಿ ನಿಮ್ಮ ಖಾತೆಯ ಹೆಸರಿನಡಿಯೇ ಪ್ಯಾಕೇಜ್ ಇಡುವ ಸೌಲಭ್ಯ ಇರುವುದರಿಂದ ಹೆಸರಿನ ಜಗಳ ಕಡಿಮೆ. ಒಮ್ಮೆ ಪ್ರಕಟಿಸಿದ ಮೇಲೆ ಅದರ ಮೇಲೆ ನಿಂತವರ ಹೊಣೆಯೂ ನಿಮ್ಮದೇ. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಲೇಖಕ ಎನ್‌ಪಿಎಂನಿಂದ ತೆಗೆದಾಗ ಬೇಬಲ್‌ನಂಥ ದೊಡ್ಡ ತಂತ್ರಾಂಶಗಳ ಬಿಲ್ಡುಗಳೇ ಮುರಿದುಬಿದ್ದವು. ಈಗ ಅಲ್ಲಿ 72 ಗಂಟೆ ದಾಟಿದ ಮೇಲೆ ಪ್ಯಾಕೇಜ್ ಹಿಂತೆಗೆಯುವುದು ಸುಲಭವಿಲ್ಲ.

ಪೈಪಿಐಗೆ ಬಂದರೂ ಎಲ್ಲರಿಗೂ ಮುಟ್ಟಿತೆಂದಲ್ಲ. ಡೆಬಿಯನ್ ಲಿನಕ್ಸಿನಲ್ಲಿ ನಮ್‌ಟುವರ್ಡ್ಸ್‌ನದ್ದೇ ಬೇರೆ ಪ್ಯಾಕೇಜ್ ಇದೆ. ಹೊಸ ಆವೃತ್ತಿ ಅಲ್ಲಿ ಮೊದಲು ‘ಅನ್‌ಸ್ಟೇಬಲ್’ಗೆ ಬರುತ್ತದೆ, ದೊಡ್ಡ ದೋಷ ಕಾಣದಿದ್ದರೆ ಕೆಲವು ದಿನದಲ್ಲಿ ‘ಟೆಸ್ಟಿಂಗ್’ಗೆ, ಅಲ್ಲಿಂದ ‘ಸ್ಟೇಬಲ್’ಗೆ ಹೋಗುವುದು ಸುಮಾರು ಎರಡು ವರ್ಷಕ್ಕೊಮ್ಮೆ, 12ನೆಯದು 2023ರ ಜೂನಿನಲ್ಲಿ ಬಂತು, 13ನೆಯದು 2025ರ ಆಗಸ್ಟಿನಲ್ಲಿ. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ, ನವಿಲು ಕನ್ನಡ ಫಾಂಟುಗಳು ಡೆಬಿಯನ್ನಿನಲ್ಲಿ ಸಿಗುವುದೂ ಹೀಗೆಯೇ: ಫಾಂಟ್ ಮಾಡುವ ಕೈ ಒಂದು, ಅದನ್ನು ಪ್ಯಾಕೇಜ್ ಕಟ್ಟಿ ಕಾಯುವ ಕೈ ಇನ್ನೊಂದು. ಕನ್ನಡಕ್ಕೆ ಆ ಎರಡನೆಯ ಬಗೆಯ ಕೈಗಳು ತೀರಾ ಕಡಿಮೆ, ಮತ್ತು ನನಗೆ ಹೆಚ್ಚು ಚಿಂತೆ ಇರುವುದು ಅದರ ಬಗ್ಗೆಯೇ. ಇದಲ್ಲದೆ ದೊಡ್ಡ ಲೆಕ್ಕಪತ್ರ ತಂತ್ರಾಂಶಗಳು ತಮಗೆ ಬೇಕಾದ ಲೈಬ್ರರಿಯ ಆವೃತ್ತಿಯನ್ನು ಕಟ್ಟಿಹಾಕಿರುತ್ತವೆ, ಅವು ಗಂಟು ಸಡಿಲಿಸುವ ತನಕ ಹಳೆಯದೇ ಓಡುತ್ತದೆ. ಅಲ್ಲೂ ಒಂದು ಪುಲ್ ರಿಕ್ವೆಸ್ಟ್ ಹಾಕಬಹುದು, ಒಂದೇ ಸಾಲಿನದು.

ತಿಂಗಳ ಹೆಸರು, ವಾರದ ಹೆಸರು, ದಿನಾಂಕದ ಕ್ರಮ ಇವುಗಳಿಗೆ ಮಾತ್ರ ಪುಲ್ ರಿಕ್ವೆಸ್ಟ್ ಕಳಿಸಬೇಡಿ. ಫೋನು, ಬ್ರೌಸರುಗಳೆಲ್ಲ ಅವನ್ನು ಯೂನಿಕೋಡ್‌ನ ಸಿಎಲ್‌ಡಿಆರ್ ಎಂಬ ದತ್ತಸಂಗ್ರಹದಿಂದ ತೆಗೆದುಕೊಳ್ಳುತ್ತವೆ; ಅಲ್ಲಿ ನಿಗದಿತ ಅವಧಿಯಲ್ಲಿ ಭಾಷಿಕರು ಮತ ಹಾಕಿ ರೂಪ ತೀರ್ಮಾನಿಸುತ್ತಾರೆ. ಆ ದತ್ತದಿಂದ ತಯಾರಾದ ಎನ್‌ಪಿಎಂ ಪ್ಯಾಕೇಜಿನಲ್ಲಿ ತಪ್ಪು ಕಂಡು ಅಲ್ಲೇ ತಿದ್ದಿದರೆ ಮುಂದಿನ ರಿಲೀಸ್‌ನಲ್ಲಿ ಅಳಿಸಿಹೋಗುತ್ತದೆ. ಮೂಲ ಎಲ್ಲಿದೆ ಎಂದು ಮೊದಲು ಹುಡುಕಿ.

ರಿಲೀಸ್ ಆಯಿತೆಂಬ ಸುದ್ದಿ ಬಂದ ದಿನ ಹೊಸ ವರ್ಚುವಲ್ ಪರಿಸರ ತೆಗೆದು, ಪಿಪ್‌ನಿಂದ ಹಾಕಿಕೊಂಡು, ಆವೃತ್ತಿಯ ಅಂಕಿ ನೋಡಿ, ಆ ಅಂಕಿಗೆ ರೆಪೊದಲ್ಲಿ ಟ್ಯಾಗ್ ಇದೆಯೇ ನೋಡಿ. ಬಳಿಕ 1,00,001 ಕೊಟ್ಟು ಏನು ಬರುತ್ತದೆಂದು ಗಟ್ಟಿಯಾಗಿ ಓದಿ. ಸರಿಯಿದ್ದರೆ ನೀವು ತೆರೆದ ಹಳೆಯ ಇಶ್ಯೂಗೆ ಹೋಗಿ, ಯಾವ ಆವೃತ್ತಿಯಲ್ಲಿ ಸರಿಯಾಯಿತೆಂದು ಬರೆದು, ನೋಡಿದವರಿಗೂ ಮರ್ಜ್ ಮಾಡಿದವರಿಗೂ ಧನ್ಯವಾದ ಹೇಳಿ ಮುಚ್ಚಿ. ಮುಂದೆ ಅದೇ ತೊಂದರೆ ಹುಡುಕಿಕೊಂಡು ಬರುವ ಇನ್ನೊಬ್ಬ ಕನ್ನಡಿಗರಿಗೆ ಯಾವ ಅಂಕಿಗೆ ಏರಿಸಿಕೊಳ್ಳಬೇಕೆಂದು ಅಲ್ಲೇ ಸಿಗುತ್ತದೆ.